ಹಸಿರು ರಟ್ಟಿನ ರಿಜಿಸ್ಟರು

ದೆಹಲಿಯಿಂದ ಸ್ಪೀಡ್ ಪೋಸ್ಟ್ ಬಂದ ದಿನ ನಾನು ಬಾಕಿ ವಸೂಲಿಗೆಂದು ಕೊರಟಗೆರೆ ಕಡೆಗೆ ಹೋಗಿದ್ದೆ. ಲಕೋಟೆಯನ್ನು ಸಹಿ ಮಾಡಿ ತೆಗೆದುಕೊಂಡವಳು ನನ್ನ ಹೆಂಡತಿ. ಮೇಲೆ ಹಿಂದಿಯಲ್ಲಿ 'ಪ್ರತಿಸ್ಪರ್ಧಾ ಆಯೋಗ' ಎಂದು ಅಚ್ಚಾಗಿತ್ತು. ನಮ್ಮ ಮಗ ಆಗ ಕೆಎಎಸ್‌ಗೆ ಓದುತ್ತಿದ್ದ. ಮನೆಯಲ್ಲಿ ಸ್ಪರ್ಧೆ ಎಂಬ ಮಾತಿಗೆ ಇದ್ದದ್ದು ಅದೊಂದೇ ಅರ್ಥ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ರೀ, ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಅರ್ಜಿ ಹಾಕಿದ್ದೀರಿ?"

ಒಳಗಿದ್ದ ಹಾಳೆಗಳನ್ನು ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು. ವ್ಯಾಪಾರದಲ್ಲಿ ಪೈಪೋಟಿ ಕೆಡದಂತೆ ಕಾಯುವ ಭಾರತೀಯ ಸ್ಪರ್ಧಾ ಆಯೋಗದ ಮಹಾನಿರ್ದೇಶಕರ ಕಚೇರಿಯ ನೋಟಿಸು. ನಮ್ಮ ಔಷಧ ವ್ಯಾಪಾರಿಗಳ ಸಂಘದ ಮೇಲೆ ದೂರು ಬಂದಿದೆ, 2002ರ ಸ್ಪರ್ಧಾ ಕಾಯ್ದೆಯ 26(1)ನೇ ಕಲಮಿನಂತೆ ತನಿಖೆಗೆ ಆದೇಶವಾಗಿದೆ, ನಾನು ಜಂಟಿ ಕಾರ್ಯದರ್ಶಿಯಾಗಿದ್ದ ಅವಧಿಯ ಸಭಾ ನಡಾವಳಿ, ಸದಸ್ಯರ ಪಟ್ಟಿ, ಕೊಟ್ಟ ಮತ್ತು ಕೊಡದ ನಿರಾಕ್ಷೇಪಣಾ ಪತ್ರಗಳ ವಿವರ, ನನ್ನ ಸ್ವಂತ ಅಂಗಡಿಯ ಮೂರು ವರ್ಷಗಳ ವಹಿವಾಟು, ಎಲ್ಲವನ್ನೂ ಕಳುಹಿಸಬೇಕು. ಕಳುಹಿಸದಿದ್ದರೆ 43ನೇ ಕಲಮಿನಂತೆ ದಿನಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ಒಟ್ಟು ಒಂದು ಕೋಟಿ ಮೀರದಂತೆ ದಂಡ. ನನ್ನ ಗೋದಾಮನ್ನು ಅವಧಿ ಮೀರಿದ ಮಾಲಿನ ಸಮೇತ ತೂಕಕ್ಕೆ ಹಾಕಿದರೂ ಅಷ್ಟು ದುಡ್ಡು ಹುಟ್ಟುವುದಿಲ್ಲ.

ಅದು 2015. ತುಮಕೂರಿನ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನನ್ನದು ಔಷಧದ ಸಗಟು ಅಂಗಡಿ. ತಂದೆಯವರ ಕಾಲದ ಚಿಲ್ಲರೆ ಮೆಡಿಕಲ್ ಸ್ಟೋರ್ ಬೆಳೆದು ಸಗಟಾಯಿತು. ಸಗಟು ಮಾರಾಟದ 20ಬಿ, 21ಬಿ ಲೈಸೆನ್ಸುಗಳು ಗಾಜಿನ ಚೌಕಟ್ಟಿನೊಳಗೆ ದೇವರ ಪಟದ ಪಕ್ಕದಲ್ಲೇ ಇವೆ. ಹತ್ತು ಹನ್ನೆರಡು ಕಂಪನಿಗಳಿಗೆ ನಾನು ಸ್ಟಾಕಿಸ್ಟ್, ಅಂದರೆ ಅವರ ಮಾಲು ತರಿಸಿ ಮೆಡಿಕಲ್ ಸ್ಟೋರುಗಳಿಗೆ ಹಂಚುವವನು. ಸಂಘದಲ್ಲಿ ನನಗೆ ಸ್ಥಾನ ಸಿಕ್ಕಿದ್ದು ನಾಯಕತ್ವದಿಂದಲ್ಲ, ಅಕ್ಷರ ದುಂಡಗಿದ್ದದ್ದರಿಂದ. "ನಿಮ್ಮ ಬರವಣಿಗೆ ಮುತ್ತಿನಂತಿದೆ, ನೀವೇ ಬರೆಯಿರಿ" ಎಂದು ಅಧ್ಯಕ್ಷರು ಹಸಿರು ರಟ್ಟಿನ ರಿಜಿಸ್ಟರನ್ನು ನನ್ನ ಮುಂದಿಟ್ಟಿದ್ದರು. ಮುಂದೆ ಅದೇ ಮುತ್ತುಗಳನ್ನು ಒಂದೊಂದಾಗಿ ಎಣಿಸಿ ಉತ್ತರ ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಾವು ಮಾಡುತ್ತಿದ್ದದ್ದೇನು ಎಂದು ಮೊದಲು ಹೇಳಿಬಿಡುತ್ತೇನೆ. ಹೊಸಬನೊಬ್ಬ ಯಾವುದಾದರೂ ಕಂಪನಿಯ ಸ್ಟಾಕಿಸ್ಟ್ ಆಗಬೇಕಾದರೆ ನಮ್ಮ ಸಂಘದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ತರಬೇಕಿತ್ತು. ಹಾಗೆಂದು ಯಾವ ಸರ್ಕಾರವೂ ಹೇಳಿರಲಿಲ್ಲ. ಔಷಧ ನಿಯಂತ್ರಣ ಇಲಾಖೆ ಲೈಸೆನ್ಸ್ ಕೊಟ್ಟರೆ ಕಾನೂನಿನ ಲೆಕ್ಕದಲ್ಲಿ ಅಷ್ಟೇ ಸಾಕು. ಆದರೆ ಪತ್ರವಿಲ್ಲದವನಿಗೆ ಮಾಲು ಕೊಟ್ಟ ಕಂಪನಿಯ ಸರಕನ್ನು ನಾವೆಲ್ಲ ಒಟ್ಟಿಗೆ 'ಮರೆತು' ಬಿಡುತ್ತಿದ್ದೆವು. ಒಂದು ತಿಂಗಳು ಮರೆತರೆ ಕಂಪನಿಯ ಏರಿಯಾ ಮ್ಯಾನೇಜರ್ ಹಣ್ಣಿನ ಬುಟ್ಟಿ ಹಿಡಿದು ಬರುತ್ತಿದ್ದ. ಎರಡನೆಯದು, ಎಂಆರ್‌ಪಿ ಮೇಲೆ ಶೇ 10 ರಿಯಾಯಿತಿ ಎಂದು ಯಾವುದಾದರೂ ಮೆಡಿಕಲ್ ಸ್ಟೋರ್ ಬೋರ್ಡು ಹಾಕಿದರೆ ಸಂಘದ ಇಬ್ಬರು ಹೋಗಿ ಮಾತನಾಡುತ್ತಿದ್ದರು. ಮರುದಿನ ಬೋರ್ಡು ಇರುತ್ತಿರಲಿಲ್ಲ. ಮೂರನೆಯದು, ಕಂಪನಿ ಕೊಡುವ ಹತ್ತಕ್ಕೊಂದು ಉಚಿತದ ಸ್ಕೀಮಿನ ಮೇಲೆ ಸಗಟು ವ್ಯಾಪಾರಿ ತನ್ನ ಕೈಯಿಂದ ಏನನ್ನೂ ಸೇರಿಸಿ ಕೊಡಬಾರದು.

ಇದಕ್ಕೆ ನಾವು ಇಟ್ಟುಕೊಂಡಿದ್ದ ಹೆಸರು ಒಗ್ಗಟ್ಟು. ಈಗಲೂ ಆ ಮಾತನ್ನು ಪೂರ್ತಿ ಸುಳ್ಳು ಎನ್ನಲಾರೆ. ಅವಧಿ ಮೀರಿದ ಮಾಲನ್ನು ಕಂಪನಿಗಳು ವಾಪಸು ಪಡೆಯದೆ ಸತಾಯಿಸುತ್ತಿದ್ದಾಗ, ಒಡೆದ ಬಾಟಲಿಯ ದುಡ್ಡಿಗೆ ವರ್ಷಗಟ್ಟಲೆ ಕಾಯಿಸುತ್ತಿದ್ದಾಗ, ಒಬ್ಬೊಬ್ಬನೇ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದವರು ಸಂಘವಾಗಿ ಹೋದಾಗ ಕುರ್ಚಿ ಕೊಟ್ಟರು. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಕ್ಕೆ ನಮ್ಮ ಪಾಲು ಶೇ 8, ಉಳಿದವಕ್ಕೆ ವಾಡಿಕೆಯಂತೆ ಶೇ 10. ಅದರಲ್ಲೇ ಗೋದಾಮಿನ ಬಾಡಿಗೆ, ಹುಡುಗರ ಸಂಬಳ, ಉದ್ರಿಯ ಬಡ್ಡಿ. ಆ ಶೇ 8ನ್ನು ಕಾಯುವುದೇ ಧರ್ಮ ಎಂದುಕೊಂಡಿದ್ದೆವು.

ದೂರು ಕೊಟ್ಟ ಹುಡುಗ ನನಗೆ ಅಪರಿಚಿತನೇನಲ್ಲ. ಶಿರಾ ಕಡೆಯವನು, ಏಳು ವರ್ಷ ಮೆಡಿಕಲ್ ರೆಪ್ ಆಗಿ ಇದೇ ಗಲ್ಲಿಯಲ್ಲಿ ಚೀಲ ಹೊತ್ತು ತಿರುಗಿದವನು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಎಷ್ಟೋ ಮಧ್ಯಾಹ್ನ ಮಜ್ಜಿಗೆ ಕುಡಿದಿದ್ದಾನೆ. ಕೆಲಸ ಬಿಟ್ಟು ಅಂತರಸನಹಳ್ಳಿಯ ಹತ್ತಿರ ಮಳಿಗೆ ಹಿಡಿದ, ಲೈಸೆನ್ಸ್ ಪಡೆದ, ಇನ್ಸುಲಿನ್ ಮತ್ತು ಲಸಿಕೆಗೆಂದು ದೊಡ್ಡ ಫ್ರಿಜ್ ಕೊಂಡ. ಶಿರಾ, ಮಧುಗಿರಿ, ಪಾವಗಡಕ್ಕೆ ದಿನವೂ ವ್ಯಾನು ಕಳುಹಿಸುತ್ತೇನೆ ಎಂಬುದು ಅವನ ಲೆಕ್ಕಾಚಾರ. ನಾವು ಪಾವಗಡಕ್ಕೆ ವಾರಕ್ಕೆ ಎರಡು ಸಲ ಮಾಲು ಕಳುಹಿಸುತ್ತಿದ್ದೆವು. ನೂರು ಕಿಲೋಮೀಟರ್ ಹತ್ತಿರ, ಸುತ್ತಲೂ ಆಂಧ್ರ, ದಿನವೂ ಹೋಗುವುದು ಗಿಟ್ಟುವುದಿಲ್ಲ ಎನ್ನುತ್ತಿದ್ದೆವು. ಬೇರೆ ಯಾರೂ ಹೋಗದಿದ್ದಾಗ ನಾವೇಕೆ ಡೀಸೆಲ್ ಸುಡಬೇಕು ಎಂಬುದು ನಿಜವಾದ ಕಾರಣ.

ಕಂಪನಿಯವರು ಅವನಿಗೆ ಹೇಳಿದರು: "ನಮ್ಮದೇನೂ ಅಭ್ಯಂತರವಿಲ್ಲ, ಸಂಘದ ಪತ್ರ ತನ್ನಿ." ಅವನು ಅರ್ಜಿ ಕೊಟ್ಟ. ನಾನು ರಿಜಿಸ್ಟರಿನಲ್ಲಿ ಬರೆದೆ: 'ಅರ್ಜಿಯನ್ನು ಪರಿಶೀಲಿಸಿ, ಒಮ್ಮತದಿಂದ ಮುಂದೂಡಲಾಯಿತು.' ಮುಂದಿನ ಸಭೆಯಲ್ಲೂ ಅದೇ ಸಾಲು. ಹೀಗೆ ನಾಲ್ಕು ಸಲ. ಬೇಡ ಎಂದು ನಾವು ಒಮ್ಮೆಯೂ ಹೇಳಲಿಲ್ಲ. ಅದನ್ನೇ ಜಾಣತನ ಎಂದುಕೊಂಡಿದ್ದೆವು. ಹದಿನಾಲ್ಕು ತಿಂಗಳು ಅವನ ಫ್ರಿಜ್ ನೀರಿನ ಬಾಟಲಿ ತಣ್ಣಗಿಟ್ಟುಕೊಂಡು ಓಡಿತು. ಕೊನೆಗೆ 5,000 ರೂಪಾಯಿ ಶುಲ್ಕ ಕಟ್ಟಿ ಅವನು ಆಯೋಗಕ್ಕೆ ಬರೆದ.

ನೋಟಿಸು ಹಿಡಿದು ಮೊದಲು ಹೋದದ್ದು ನಮ್ಮ ಹಳೆಯ ವಕೀಲರ ಬಳಿಗೆ. ಜಮೀನು, ಚೆಕ್ ಬೌನ್ಸ್ ಎರಡರಲ್ಲೂ ಅವರದು ಎತ್ತಿದ ಕೈ. ನೋಟಿಸನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇದು ಎಂಆರ್‌ಟಿಪಿ ಅಲ್ಲವೇ? ಅದು ಹೋಯಿತಲ್ಲ!" ಎಂದರು. ಅವರ ತಪ್ಪೇನಿಲ್ಲ. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆ ಹೋಗಿದ್ದು ನಿಜ. ಅದರ ಜಾಗಕ್ಕೆ ರಾಘವನ್ ಸಮಿತಿಯ ವರದಿಯ ಮೇಲೆ 2002ರಲ್ಲಿ ಹೊಸ ಕಾಯ್ದೆ ಬಂದದ್ದು, ಅದರ ಹಲ್ಲುಗಳಾದ 3 ಮತ್ತು 4ನೇ ಕಲಮುಗಳು 2009ರ ಮೇ 20ರಿಂದ ಜಾರಿಯಾದದ್ದು ನಮ್ಮ ಬೀದಿಗೆ ತಿಳಿದಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಆಡಿಟರ ಮಗಳು. ಬೆಂಗಳೂರಿನಲ್ಲಿ ಕಾನೂನು ಓದಿ ಅಲ್ಲೇ ವಕೀಲಿಕೆ ಮಾಡುತ್ತಿದ್ದಳು. ಶನಿವಾರ ಊರಿಗೆ ಬಂದವಳ ಮುಂದೆ ಕಾಗದ ಹರಡಿಕೊಂಡು ಕುಳಿತೆ. ಅವಳು ಚಿಕ್ಕವಳಿದ್ದಾಗಿನಿಂದ ನಾನು ನೋಡಿದ ಹುಡುಗಿ. ಅಂದು ಮಾತ್ರ ಅವಳೇ ಹಿರಿಯಳಂತೆ ಕಂಡಳು.

"ಅಂಕಲ್, ನೀವು ಒಪ್ಪಂದ ಮಾಡಿಕೊಂಡಿದ್ದೀರಾ?"

"ಇಲ್ಲಮ್ಮ. ಯಾವ ಕಾಗದಕ್ಕೂ ನಾವು ಸಹಿ ಹಾಕಿಲ್ಲ."

ಅವಳು 2(ಬಿ) ಕಲಮನ್ನು ಓದಿ ಹೇಳಿದಳು. ಬರೆದಿರಲಿ ಬರೆಯದಿರಲಿ, ಕೋರ್ಟಿನಲ್ಲಿ ಜಾರಿ ಮಾಡಿಸುವಂಥದ್ದಾಗಿರಲಿ ಬಿಡಲಿ, ಒಂದು ಹೊಂದಾಣಿಕೆ, ಒಳಗೊಳಗಿನ ತಿಳಿವಳಿಕೆ ಇದ್ದರೂ ಅದು ಒಪ್ಪಂದವೇ. ಕಣ್ಣು ಮಿಟುಕಿಸುವುದೂ ಸೇರುತ್ತದೆ ಎಂದು ನಕ್ಕಳು. ನಂತರ 3(3). ಒಂದೇ ಮಟ್ಟದಲ್ಲಿ ವ್ಯಾಪಾರ ಮಾಡುವವರು ಸೇರಿ ಬೆಲೆ ಗೊತ್ತುಮಾಡಿದರೆ, ಸರಬರಾಜನ್ನು ಅಥವಾ ಮಾರುಕಟ್ಟೆಯನ್ನು ಬಿಗಿಹಿಡಿದರೆ, ಊರು ಹಂಚಿಕೊಂಡರೆ, ಟೆಂಡರ್‌ನಲ್ಲಿ ಒಳಸಂಚು ನಡೆಸಿದರೆ, ಅದರಿಂದ ಸ್ಪರ್ಧೆಗೆ ಹಾನಿಯಾಗಿದೆ ಎಂದು ಕಾನೂನು ಮೊದಲೇ ಭಾವಿಸಿಕೊಳ್ಳುತ್ತದೆ. ಆಗಿಲ್ಲ ಎಂದು ತೋರಿಸುವ ಹೊರೆ ನಮ್ಮ ತಲೆಯ ಮೇಲೆ.

ನಾನು ವಾದ ಹೂಡಿದೆ. ವ್ಯಾಪಾರಿ ಎಂದ ಮೇಲೆ ಚೌಕಾಸಿ ಮಾಡದೆ ಇರುವುದುಂಟೇ? ಕಂಪನಿಯೇ ತುಮಕೂರಿಗೆ ಇಬ್ಬರೇ ಸ್ಟಾಕಿಸ್ಟ್ ಸಾಕು ಎಂದರೆ ಅದು ತಪ್ಪಲ್ಲ, ನಾವು ಇಬ್ಬರೇ ಸಾಕು ಎಂದರೆ ತಪ್ಪೇ? ಎರಡರಲ್ಲೂ ಹುಡುಗನಿಗೆ ಸಿಗುವುದು ಸೊನ್ನೆಯೇ ಅಲ್ಲವೇ?

ಈ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ಕಂಪನಿ ತನ್ನ ಮಾಲನ್ನು ಯಾರ ಕೈಯಲ್ಲಿ ಮಾರಿಸಬೇಕು ಎಂದು ತೀರ್ಮಾನಿಸುವುದು ಮೇಲಿನವನಿಗೂ ಕೆಳಗಿನವನಿಗೂ ನಡುವಿನ ಮಾತು, ಅದು 3(4). ಅಲ್ಲಿ ಹಾನಿಯನ್ನು ಮೊದಲೇ ಭಾವಿಸಿಕೊಳ್ಳುವುದಿಲ್ಲ, ತೂಗಿ ನೋಡುತ್ತಾರೆ. ಏಕೆಂದರೆ ಕಂಪನಿಗೆ ಮಾಲು ಹೆಚ್ಚು ಮಾರಾಟವಾಗಬೇಕು. ಸ್ಟಾಕಿಸ್ಟ್ ಕಡಿಮೆ ಮಾಡಿ ಪಾವಗಡಕ್ಕೆ ಔಷಧ ತಲುಪದಿದ್ದರೆ ನಷ್ಟ ಅವರಿಗೇ; ತಪ್ಪು ತಿದ್ದಿಕೊಳ್ಳುತ್ತಾರೆ. ಸ್ಟಾಕಿಸ್ಟ್ ಕೈಯಿಂದ ದುಡ್ಡು ಹಾಕಿ ಫ್ರಿಜ್ ಇಟ್ಟು, ಉದ್ರಿ ಕೊಟ್ಟು ಮಾರುಕಟ್ಟೆ ಬೆಳೆಸುತ್ತಾನೆ, ಪಕ್ಕದವನು ಏನೂ ಮಾಡದೆ ಅದರ ಫಲ ಉಣ್ಣಬಾರದು ಎಂಬ ನ್ಯಾಯವೂ ಅಲ್ಲಿ ಇರಬಹುದು. ಆದರೆ ಸ್ಪರ್ಧಿಗಳೇ ಸೇರಿ ಹೊಸ ಸ್ಪರ್ಧಿ ಬರಬೇಕೇ ಬೇಡವೇ ಎಂದು ತೀರ್ಮಾನಿಸಿದರೆ? ಅವನು ಬಾರದಿದ್ದರೆ ಅಲ್ಲಿ ಕುಳಿತ ಯಾರಿಗೂ ನಷ್ಟವಿಲ್ಲ. ತಿದ್ದಿಕೊಳ್ಳಲು ಕಾರಣವೇ ಇಲ್ಲ. "ನ್ಯಾಯಾಧೀಶರ ಪೀಠದಲ್ಲಿ ಪ್ರತಿವಾದಿಯೇ ಕುಳಿತಂತೆ, ಅಂಕಲ್" ಎಂದಳು.

ನಮ್ಮ ಮಾರ್ಜಿನ್ ದುರಾಸೆಯದಲ್ಲ, ನ್ಯಾಯವಾದದ್ದು ಎಂದೆ. ಅದಕ್ಕೂ ಹಳೆಯ ಉತ್ತರವಿತ್ತು. ಅಮೆರಿಕದಲ್ಲಿ 1890ರಲ್ಲೇ ಶೆರ್ಮನ್ ಕಾಯ್ದೆ ಬಂದಿತ್ತು. ಶೌಚಾಲಯದ ಪಿಂಗಾಣಿ ಸಾಮಾನು ಮಾಡುವ ಟ್ರೆಂಟನ್ ಪಾಟರೀಸ್ ಮತ್ತಿತರರು ಸೇರಿ ಬೆಲೆ ಗೊತ್ತುಮಾಡಿದ ಪ್ರಕರಣ 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಬೆಲೆ ನ್ಯಾಯವಾದದ್ದೇ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಇಂದು ನ್ಯಾಯವಾಗಿರುವ ಬೆಲೆ ನಾಳೆ ಅನ್ಯಾಯದ್ದಾಗಬಹುದು. ಬೆಲೆ ಏರಿಸುವ ಶಕ್ತಿ ಕೂಟದ ಕೈಗೆ ಬಂದದ್ದೇ ತಪ್ಪು ಎಂಬುದು ಅದರ ತಿರುಳು. ಕಕ್ಕಸಿನ ಸಾಮಾನಿನ ತೀರ್ಪೊಂದು ಮಂಡಿಪೇಟೆಯವರೆಗೆ ಬಂದು ಕುಟ್ಟುತ್ತದೆ ಎಂದುಕೊಂಡಿರಲಿಲ್ಲ.

ಇದೆಲ್ಲ ಹೊರದೇಶದ ಕಾನೂನು, ನಮ್ಮ ನೆಲದ್ದಲ್ಲ ಎಂದು ಗೊಣಗಿದೆ. ಅವಳು ಕೌಟಿಲ್ಯನನ್ನು ತಂದಳು. ವ್ಯಾಪಾರಿಗಳು ಒಟ್ಟುಗೂಡಿ ಸರಕನ್ನು ತಡೆಹಿಡಿದರೆ ಅಥವಾ ಸಲ್ಲದ ಬೆಲೆಗೆ ಮಾರಿದರೆ ಸಾವಿರ ಪಣ ದಂಡ ಎಂದು ಅರ್ಥಶಾಸ್ತ್ರದಲ್ಲಿದೆ. ಆ ಗ್ರಂಥದ ತಾಳೆಗರಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಶಾಮಶಾಸ್ತ್ರಿಗಳು. ನನ್ನ ಪಾಲಿಗೆ ತಪ್ಪಿಸಿಕೊಳ್ಳುವ ಕೊನೆಯ ಕಿಂಡಿಯನ್ನೂ ನಮ್ಮ ಮೈಸೂರಿನವರೇ ಮುಚ್ಚಿದ್ದರು.

ಒಂದು ವಾದದಲ್ಲಿ ಮಾತ್ರ ನಾನು ಪೂರ್ತಿ ಸೋಲಲಿಲ್ಲ ಎನಿಸುತ್ತದೆ. ಬೀಡಿ ಕಟ್ಟುವವರು ಸೇರಿ ಕೂಲಿ ಕೇಳಿದರೆ ಹಕ್ಕು, ನಾವು ಸೇರಿ ಕಂಪನಿಯನ್ನು ಕೇಳಿದರೆ ಅಪರಾಧವೇ? ಅಮೆರಿಕದವರು 1914ರ ಕ್ಲೇಟನ್ ಕಾಯ್ದೆಯಲ್ಲಿ ಮನುಷ್ಯನ ದುಡಿಮೆ ಸರಕಲ್ಲ ಎಂದು ಬರೆದು ಕಾರ್ಮಿಕ ಸಂಘಗಳನ್ನು ಈ ಕಾನೂನಿನ ಹಿಡಿತದಿಂದ ಹೊರಗಿಟ್ಟರು ಎಂದು ಹೇಳಿದಳು. ಎಕ್ಸ್‌ಪೈರಿ ವಾಪಸಾತಿ, ತೆರಿಗೆ, ಲೈಸೆನ್ಸ್ ಇವುಗಳಿಗೆ ನಮ್ಮ ಸಂಘವೂ ಹೋರಾಡಬಹುದು, ಯಾರೂ ಬೇಡ ಎನ್ನುವುದಿಲ್ಲ ಎಂದಳು. ಆದರೆ ನಾಲ್ಕು ಜನ ಕೆಲಸಗಾರರಿರುವ ನನ್ನಂಥವನೂ ಸಾವಿರಾರು ಕೋಟಿಯ ಕಂಪನಿಯೂ ಕಾನೂನಿನ ತಕ್ಕಡಿಯಲ್ಲಿ ಒಂದೇ ಬಗೆಯ 'ವ್ಯಾಪಾರಿ' ಎಂಬುದು ನನಗೆ ಇನ್ನೂ ಸರಿಯಾಗಿ ಜೀರ್ಣವಾಗಿಲ್ಲ. ದೊಡ್ಡವರನ್ನು ಹಿಡಿಯಲಿ ನೋಡೋಣ ಎಂದರೆ, 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ ಹಾಕಿದ 6,300 ಕೋಟಿಗೂ ಹೆಚ್ಚಿನ ದಂಡವನ್ನು, 2014ರಲ್ಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಹಾಕಿದ 2,544 ಕೋಟಿಯನ್ನು ಹೇಳಿ ಬಾಯಿ ಮುಚ್ಚಿಸಿದಳು. ಅವರು ಕಟ್ಟಿದರೇ, ಮೇಲ್ಮನವಿಯಲ್ಲಿ ಕುಳಿತರೇ ಎಂಬುದು ಬೇರೆ ಕಥೆ.

ಆ ರಾತ್ರಿ ಮೊದಲ ಬಾರಿಗೆ ಲೆಕ್ಕ ಹಾಕಿದೆ. ಔಷಧ ಉಳಿದ ಸರಕಿನಂತಲ್ಲ. ಬರೆಯುವವರು ಡಾಕ್ಟರು, ನುಂಗುವವರು ರೋಗಿ, ದುಡ್ಡು ಕೊಡುವವರು ಅನೇಕ ಸಲ ಇವರಿಬ್ಬರೂ ಅಲ್ಲ, ಮಗನೋ ಅಳಿಯನೋ. ತೊಗರಿಬೇಳೆ ದುಬಾರಿಯಾದರೆ ಹೆಸರುಬೇಳೆ ಕೊಳ್ಳಬಹುದು. ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಬಿಟ್ಟು ಬೇರೆಯದನ್ನು ಕೇಳುವ ಧೈರ್ಯ ಎಷ್ಟು ಜನಕ್ಕಿದೆ? ಬೆಲೆ ಹೆಚ್ಚಾದರೂ ಬೇಡಿಕೆ ಅಷ್ಟಾಗಿ ತಗ್ಗದ ಸರಕು ಎಂದು ಅರ್ಥಶಾಸ್ತ್ರದವರು ಹೇಳುತ್ತಾರಂತೆ. ಅಂಥ ಸರಕಿನ ಸುತ್ತಲೇ ಕೂಟ ಕಟ್ಟುವುದು ಲಾಭ. ಆದರೆ ತಗ್ಗುವುದೇ ಇಲ್ಲ ಎಂಬುದು ಸುಳ್ಳು. ತಂದೆಯವರ ಚಿಲ್ಲರೆ ಅಂಗಡಿಯ ಕೌಂಟರಿನಲ್ಲಿ ಒಂದು ಕತ್ತರಿಯನ್ನು ದಾರದಲ್ಲಿ ಕಟ್ಟಿಟ್ಟಿರುತ್ತಿದ್ದರು, ಸ್ಟ್ರಿಪ್ ಕತ್ತರಿಸಲು. "ಐದು ಮಾತ್ರೆ ಸಾಕು ಸ್ವಾಮಿ, ವಾಸಿಯಾದರೆ ಮತ್ತೆ ಬೇಡವಲ್ಲ" ಎನ್ನುವವರಿಗೆ. ತಿಂಗಳಿಗೆ 600 ರೂಪಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳುವವರಿಗೆ ನಾವು ತೆಗೆಸಿದ ಶೇ 10ರ ಬೋರ್ಡಿನಿಂದ ವರ್ಷಕ್ಕೆ 720 ರೂಪಾಯಿ ಹೋಯಿತು. ಆ ಕತ್ತರಿಗೆ ಕೆಲಸ ಕೊಟ್ಟವರಲ್ಲಿ ನಾವೂ ಇದ್ದೆವು.

ಇನ್ನೊಂದು ಸತ್ಯವೂ ಆ ರಾತ್ರಿ ಎದ್ದು ಕುಳಿತಿತು. ಸ್ಕೀಮಿನ ಮೇಲೆ ಕೈಯಿಂದ ಸೇರಿಸಿ ಕೊಡಬಾರದು ಎಂಬ ನಿರ್ಣಯ ಬರೆದವನು ನಾನು. ಅದೇ ವಾರ ಗುಬ್ಬಿಯ ಒಂದು ಅಂಗಡಿಗೆ ಹತ್ತಕ್ಕೆ ಎರಡು ಉಚಿತ ಕೊಟ್ಟವನೂ ನಾನೇ. ಎರಡನೆಯದನ್ನು 'ಬ್ರೇಕೇಜ್' ಎಂದು ಬರೆದುಕೊಂಡೆ. ಕೆಲ ದಿನಗಳ ನಂತರ ಅದೇ ಅಂಗಡಿಯವನು ಹೇಳಿದ, ಅಧ್ಯಕ್ಷರ ಅಂಗಡಿಯಿಂದ ಹತ್ತಕ್ಕೆ ಎರಡೂವರೆ ಬರುತ್ತಿದೆ ಎಂದು. ಎಲ್ಲರೂ ಮಾತು ಉಳಿಸಿಕೊಂಡರೆ ಎಲ್ಲರಿಗೂ ಲಾಭ. ಎಲ್ಲರೂ ಉಳಿಸಿಕೊಳ್ಳುವಾಗ ನಾನೊಬ್ಬ ಮುರಿದರೆ ನನಗೆ ಇನ್ನೂ ಲಾಭ. ಕೂಟ ಒಳಗಿನಿಂದಲೇ ಹುಳ ಹಿಡಿಯುವುದು ಹೀಗೆ. ಆದ್ದರಿಂದಲೇ ಸಭೆ, ರಿಜಿಸ್ಟರು, ಇಬ್ಬರು ಹೋಗಿ 'ಮಾತನಾಡಿ' ಬರುವುದು, ಎಲ್ಲ ಬೇಕಾಗುತ್ತಿತ್ತು. ನಿಜವಾದ ಒಗ್ಗಟ್ಟಿಗೆ ಅಷ್ಟೊಂದು ಕಾವಲು ಬೇಕಾಗುವುದಿಲ್ಲ.

ನೋಟಿಸು ನನಗೊಬ್ಬನಿಗೇ ಬಂದಿರಲಿಲ್ಲ. ಕ್ಯಾತ್ಸಂದ್ರದಲ್ಲಿ ಒಬ್ಬ ಸದಸ್ಯರ ಮನೆಯ ಮಹಡಿಯ ಮೇಲೆ ತುರ್ತು ಸಭೆ ಸೇರಿತು. ತಟ್ಟೆ ಇಡ್ಲಿ ತರಿಸಿದ್ದರು, ಯಾರೂ ಸರಿಯಾಗಿ ತಿನ್ನಲಿಲ್ಲ. ಒಬ್ಬರು ಮೆಲ್ಲಗೆ, "ಆ ರಿಜಿಸ್ಟರಿಗೆ ಗೆದ್ದಲು ಹಿಡಿದಿರಬೇಕಲ್ಲ?" ಎಂದರು. ಎಲ್ಲರೂ ನನ್ನನ್ನು ನೋಡಿದರು. ರಿಜಿಸ್ಟರು ನನ್ನ ಮನೆಯ ಬೀರುವಿನಲ್ಲಿತ್ತು, ಗೆದ್ದಲಿಲ್ಲದೆ. ದಾಖಲೆ ನಾಶ ಮಾಡಿದರೆ 45ನೇ ಕಲಮಿನಂತೆ ಒಂದು ಕೋಟಿಯವರೆಗೆ ದಂಡ ಎಂದು ನಾನು ಹೇಳಿದೆ. ಗೆದ್ದಲಿನ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಯಾರೋ 46ನೇ ಕಲಮಿನ ಪ್ರಸ್ತಾಪ ತೆಗೆದರು. ಕೂಟದಲ್ಲಿದ್ದವನೇ ಮೊದಲು ಹೋಗಿ ಪೂರ್ತಿ ನಿಜ ಹೇಳಿದರೆ ಅವನ ದಂಡದಲ್ಲಿ ನೂರಕ್ಕೆ ನೂರರವರೆಗೂ ಮಾಫಿ ಸಿಗಬಹುದು. ಎರಡನೆಯವನಿಗೆ 50ರವರೆಗೆ, ಮೂರನೆಯವನಿಗೆ 30ರವರೆಗೆ. ಆ ಮಾತು ಮುಗಿದ ಮೇಲೆ ಮಹಡಿಯಲ್ಲಿ ಉಂಟಾದ ಮೌನವನ್ನು ಮರೆಯಲಾರೆ. ಇಪ್ಪತ್ತು ವರ್ಷ ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಓಡಾಡಿದವರು, ಯಾರ ಜೇಬಿನಲ್ಲಿ ದೆಹಲಿಯ ಟಿಕೆಟ್ ಇದೆಯೋ ಎಂಬಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಈ ಕಲಮನ್ನು ಬರೆದವನು ವ್ಯಾಪಾರಿಯ ಮನಸ್ಸನ್ನು ಚೆನ್ನಾಗಿ ಬಲ್ಲವನಿರಬೇಕು. ನಾನು ಆ ಅರ್ಜಿ ಹಾಕಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ, ಹಾಕಿಸಲು ವಕೀಲರ ಫೀಜು ಎಷ್ಟಾಗುತ್ತದೆ ಎಂದು ಕೇಳಿ ಸುಮ್ಮನಾದೆ.

ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸಿ ಕೊಡಬೇಕಿತ್ತು. ಆಡಿಟರ ಮನೆಯಲ್ಲಿ ಎರಡು ಭಾನುವಾರ ಅದೇ ಕೆಲಸ. 'ಹೊಂದಾಣಿಕೆ ಮಾಡಿಕೊಂಡು ಹೋಗತಕ್ಕದ್ದು', 'ಸದಸ್ಯರ ಹಿತದೃಷ್ಟಿಯಿಂದ', 'ಸೂಕ್ತ ತಿಳಿವಳಿಕೆ ನೀಡಲಾಯಿತು'. ಕನ್ನಡದಲ್ಲಿ ಪಂಚಾಯಿತಿ ಕಟ್ಟೆಯ ನೆರಳಿನಂತೆ ತಣ್ಣಗಿದ್ದ ಈ ಸಾಲುಗಳು ಇಂಗ್ಲಿಷಿಗೆ ಹೋದ ಕೂಡಲೇ ಆರೋಪಪಟ್ಟಿಯಂತೆ ಕಂಡವು. ಸ್ವಲ್ಪ ಮೆತ್ತಗೆ ಬರೆಯಲಾಗುವುದಿಲ್ಲವೇ ಎಂದು ಕೇಳಿದೆ. "ಸುಳ್ಳು ಅನುವಾದಕ್ಕೆ ನಾನು ಸಹಿ ಹಾಕುವುದಿಲ್ಲ, ಅಂಕಲ್" ಎಂದಳು.

ಹೇಳಿಕೆ ಕೊಡಲು ದೆಹಲಿಗೆ ಕರೆ ಬಂತು. ಎರಡು ರಾತ್ರಿಯ ರೈಲು, ಒಂದು ಲಾಡ್ಜು, ಬೆಳಿಗ್ಗೆ ಹತ್ತಕ್ಕೆ ಕಚೇರಿ. ಸಿನಿಮಾದಲ್ಲಿ ನೋಡಿದ ವಿಚಾರಣೆಯ ಕೋಣೆಯನ್ನು ಊಹಿಸಿಕೊಂಡು ಹೋದವನಿಗೆ ಸಿಕ್ಕಿದ್ದು ನಮ್ಮ ತಾಲ್ಲೂಕು ಕಚೇರಿಯಂಥದ್ದೇ ಮೇಜು, ಕಡತ, ಕಂಪ್ಯೂಟರ್. ಅಧಿಕಾರಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಸಭ್ಯರು. ಪ್ರಮಾಣ ಮಾಡಿಸಿದರು, ಸಿವಿಲ್ ಕೋರ್ಟಿಗಿರುವಂತೆ ಸಾಕ್ಷಿಯನ್ನು ಕರೆಸಿ ಪ್ರಮಾಣದ ಮೇಲೆ ಕೇಳುವ ಅಧಿಕಾರ ಅವರಿಗಿದೆ ಎಂದು ಆಡಿಟರ ಮಗಳು ಮೊದಲೇ ಹೇಳಿದ್ದಳು. ನನ್ನ ಹಿಂದಿ ಸಂತೆಯ ಹಿಂದಿ, ಇಂಗ್ಲಿಷು ಔಷಧದ ಡಬ್ಬಿಯದು. ನಡುನಡುವೆ ಎರಡನ್ನೂ ಬೆರೆಸಿ ದಾಟಿಸಿದೆ.

ಹಸಿರು ರಟ್ಟಿನ ರಿಜಿಸ್ಟರನ್ನು ಅವರು ತೆರೆದಾಗ ಮಂಡಿಪೇಟೆಯ ಮೆಣಸಿನಕಾಯಿ ಘಾಟು ಆ ಕೋಣೆಯಲ್ಲಿ ಎದ್ದಂತಾಯಿತು. ನಿಜವಾಗಿ ಎದ್ದಿತೋ ನನ್ನ ಭ್ರಮೆಯೋ.

"ಇದು ಯಾರ ಅಕ್ಷರ?"

"ನನ್ನದು."

"ನಾಲ್ಕು ಸಭೆಗಳಲ್ಲಿ ಪರಿಶೀಲಿಸಿ ಮುಂದೂಡಿದ್ದೀರಿ. ಏನನ್ನು ಪರಿಶೀಲಿಸಿದಿರಿ?"

ನಾನು ಸುಮ್ಮನಿದ್ದೆ.

"ಅವರ ಲೈಸೆನ್ಸಿನಲ್ಲಿ ದೋಷವಿತ್ತೇ? ಮಳಿಗೆಯಲ್ಲಿ? ಫ್ರಿಜ್‌ನಲ್ಲಿ?"

"ಇಲ್ಲ."

"ಅವರು ಬಂದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?"

ಸದಸ್ಯರ ಹಿತ, ಮಾರುಕಟ್ಟೆಯ ಶಿಸ್ತು, ನಕಲಿ ಔಷಧದ ಭೀತಿ ಎಂದೆಲ್ಲ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಒಂದೇ ಮಾತು: "ನನಗೆ." ಅವರು ಅದನ್ನು ಟೈಪ್ ಮಾಡಿ ಓದಿ ಹೇಳಿ ಸಹಿ ಹಾಕಿಸಿಕೊಂಡರು. ನನ್ನ ದುಂಡನೆಯ ಸಹಿ.

ಉಳಿದದ್ದು ಕಾಗದದ ದಾರಿ. ತನಿಖಾ ವರದಿಯ ಪ್ರತಿ ಬಂತು, ಆಕ್ಷೇಪಣೆ ಬರೆದು ಕೊಟ್ಟೆವು, ಆಯೋಗದ ಮುಂದೆ ಒಂದು ದಿನ ವಾದ ನಡೆಯಿತು. ನಡುವೆ ಆದಾಯ ತೆರಿಗೆಯ ವಿವರಗಳನ್ನೂ ಕೊಡಬೇಕಾಯಿತು. ಸಂಘದ ದಂಡವನ್ನು ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟಿನ ಮೇಲೆ ಶೇ 10 ಮೀರದಂತೆ ಹಾಕಬಹುದು. 48ನೇ ಕಲಮಿನಿಂದಾಗಿ ಕಾರ್ಯಭಾರ ಹೊತ್ತಿದ್ದವರನ್ನೂ ಸ್ವಂತವಾಗಿ ಹೊಣೆ ಮಾಡಬಹುದು. ಆದೇಶದ ವಿವರಕ್ಕೆ ನಾನು ಹೋಗುವುದಿಲ್ಲ. ಹೋದರೆ ಯಾರು ಯಾರು ಎಂದು ಊರಿಗೆಲ್ಲ ತಿಳಿಯುತ್ತದೆ, ಅವರಲ್ಲಿ ಕೆಲವರು ಈಗ ಇಲ್ಲ. ನನ್ನ ಪಾಲಿಗೆ ಬಂದದ್ದನ್ನು ನಾನು ಕಟ್ಟಿದೆ. ಹೆಂಡತಿಗೆ ಮಾತು ಕೊಟ್ಟಿದ್ದ ಧರ್ಮಸ್ಥಳ, ಶೃಂಗೇರಿ ಪ್ರವಾಸ ಆ ವರ್ಷ ಆಗಲಿಲ್ಲ ಎಂದರೆ ಮೊತ್ತದ ಅಂದಾಜು ಸಿಗಬಹುದು.

ಎನ್‌ಒಸಿ ನಿಂತುಹೋಯಿತು. ರಿಯಾಯಿತಿಯ ಬೋರ್ಡುಗಳು ಬಿ.ಎಚ್. ರಸ್ತೆಯ ಉದ್ದಕ್ಕೂ ಎದ್ದವು. ಎಲ್ಲರ ಬೋರ್ಡಿನಲ್ಲೂ ಶೇ 10 ಎಂದೇ ಇದ್ದದ್ದು ನೋಡಿ, ಇದೂ ಕೂಟವೇ ಎಂದು ಆಡಿಟರ ಮಗಳನ್ನು ಛೇಡಿಸಿದೆ. ಅಲ್ಲವಂತೆ. ಪಕ್ಕದವನನ್ನು ನೋಡಿ ತಾನೂ ಅಷ್ಟೇ ಇಟ್ಟರೆ ತಪ್ಪಿಲ್ಲ, ಕೂಡಿ ಮಾತನಾಡಿಕೊಂಡು ಇಟ್ಟರೆ ತಪ್ಪು. 2018ರಲ್ಲಿ ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು. ಕೊಳ್ಳುವ ತೈಲ ಕಂಪನಿಗಳು ಬೆರಳೆಣಿಕೆಯಷ್ಟೇ ಇರುವಲ್ಲಿ ಟೆಂಡರಿನ ದರಗಳು ಒಂದೇ ಆಗಿದ್ದ ಮಾತ್ರಕ್ಕೆ ಒಳಸಂಚು ಸಾಬೀತಾಗುವುದಿಲ್ಲ ಎಂದು ದಂಡ ರದ್ದಾಯಿತು. ನಮ್ಮ ವಿಷಯದಲ್ಲಿ ಆ ಅನುಮಾನಕ್ಕೆ ಜಾಗವಿರಲಿಲ್ಲ, ಹಸಿರು ರಟ್ಟಿನೊಳಗೆ ಎಲ್ಲವನ್ನೂ ನಾನೇ ದಿನಾಂಕ ಹಾಕಿ ಬರೆದಿಟ್ಟಿದ್ದೆ.

ಸಂಘ ಈಗಲೂ ಇದೆ. ಹೊಸ ಜಂಟಿ ಕಾರ್ಯದರ್ಶಿ ಒಮ್ಮೆ ಬಂದು ನಡಾವಳಿ ಹೇಗೆ ಬರೆಯಬೇಕು ಎಂದು ಕೇಳಿದರು. ಅವರ ಪುಸ್ತಕ ತಿರುವಿದೆ. ಸ್ವಾಗತ, ಶ್ರದ್ಧಾಂಜಲಿ, ಲಘು ಉಪಾಹಾರ, ವಂದನಾರ್ಪಣೆ. ಮೂರು ತಾಸು ನಡೆದ ಸಭೆಗಳಲ್ಲಿ ಇಷ್ಟೇ ನಡೆಯಿತೇ ಎಂದು ನಾನು ಕೇಳಲಿಲ್ಲ.

ಹುಡುಗನ ವ್ಯಾನು ಪಾವಗಡಕ್ಕೆ ದಿನವೂ ಹೋಗತೊಡಗಿತು. ನಾಲ್ಕು ತಿಂಗಳಲ್ಲಿ ನಮ್ಮ ವ್ಯಾನೂ ದಿನವೂ ಹೋಗತೊಡಗಿತು. ಗಿಟ್ಟುವುದಿಲ್ಲ ಎಂದಿದ್ದೆನಲ್ಲ, ಸ್ವಲ್ಪ ಗಿಟ್ಟಿತು. ಎದುರಿಗೆ ಸಿಕ್ಕಾಗ ಅವನು ತಲೆಯಾಡಿಸುತ್ತಿದ್ದ, ನಾನೂ ಆಡಿಸುತ್ತಿದ್ದೆ. ಮಾತಿರಲಿಲ್ಲ.

ಕಳೆದ ಬೇಸಿಗೆಯ ಒಂದು ರಾತ್ರಿ ಮಳೆ ಗಾಳಿಗೆ ಮಂಡಿಪೇಟೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಇನ್ವರ್ಟರ್ ಎರಡು ತಾಸಿಗೆ ಕೈಕೊಟ್ಟಿತು. ಒಳಗೆ ಇನ್ಸುಲಿನ್ ಇತ್ತು, ಎಂಟು ಡಿಗ್ರಿ ದಾಟಿದರೆ ಮಾಲು ಕೆಟ್ಟಂತೆ. ಅಷ್ಟು ಹೊತ್ತಿನಲ್ಲಿ ಅಷ್ಟು ದೊಡ್ಡ ಫ್ರಿಜ್ ಯಾರ ಬಳಿ ಇದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ಸಲ ನಂಬರ್ ಒತ್ತಿ ಕತ್ತರಿಸಿ, ನಾಲ್ಕನೆಯ ಸಲ ಮಾತನಾಡಿದೆ. ತನ್ನಿ ಎಂದ. ಮಂಜುಗಡ್ಡೆಯ ಡಬ್ಬಿಗಳನ್ನು ಸ್ಕೂಟರಿನ ಮುಂದಿಟ್ಟುಕೊಂಡು ನೆನೆಯುತ್ತ ಅಂತರಸನಹಳ್ಳಿ ತಲುಪಿದಾಗ ರಾತ್ರಿ ಹನ್ನೊಂದೂವರೆ. ಅವನು ಶಟರ್ ಅರ್ಧ ಎತ್ತಿ, ಜನರೇಟರ್ ಹಾಕಿಕೊಂಡು, ಲುಂಗಿಯಲ್ಲಿ ನಿಂತಿದ್ದ.

ಡಬ್ಬಿಗಳನ್ನು ನೋಡಿದ. ನನ್ನನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎನ್‌ಒಸಿ ತಂದಿದ್ದೀರಾ ಸರ್?"